80 ಪುಟ ಬರೆದಿದ್ದೇನೆ, ಅದರಲ್ಲಿ ನನ್ನ ದನಿಯೇ ಇಲ್ಲ

ಹೊಸನಗರದಿಂದ, ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬಂದಾಗ ಊರು ಬಿಟ್ಟ ಒಂದು ಮನೆಯ ಕಥೆ. ನಮ್ಮ ಅಜ್ಜಿಯ ಮನೆಯದ್ದೇ ಅನ್ನಿ. 80 ಪುಟ ಆಗಿದೆ. ತಿರುಗಿ ಓದಿದರೆ ಬೇರೆ ಯಾರೋ ಬರೆದ ಹಾಗಿದೆ. ನಾನು ಇಷ್ಟಪಟ್ಟು ಓದಿದ ದೊಡ್ಡವರ ವಾಕ್ಯಗಳೇ ಎಲ್ಲ ಕಡೆ ಕಾಣುತ್ತವೆ. ಮುಳುಗಡೆ ಬಗ್ಗೆ ನಾ. ಡಿಸೋಜ ಅವರು ಅಷ್ಟೆಲ್ಲ ಬರೆದ ಮೇಲೆ ನಾನೇನು ಬರೆಯಲಿ ಅಂತಲೂ ಅನ್ನಿಸುತ್ತದೆ. ಯಾರಿಗಾದರೂ ತೋರಿಸಲು ಭಯ. ನಿಮಗೆ ನಿಮ್ಮ ದನಿ ಹೇಗೆ ಸಿಕ್ಕಿತು? ಬರೆಯುವ ಗೆಳೆಯರಿಂದ ಏನು ಕಲಿತಿರಿ? ದಯವಿಟ್ಟು ಹೇಳಿ.

ಸಾಗರದಿಂದ:

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಕರಡು ನೆನಪಾಯಿತು. ಅದರಲ್ಲಿ ಮಳೆಯ ವರ್ಣನೆಯೇ 11 ಪುಟ ಇತ್ತು. ಮಲೆನಾಡಿನ ಕಾದಂಬರಿ ಅಂದಮೇಲೆ ಮಳೆ ಇರಲೇಬೇಕು ಅಂದುಕೊಂಡಿದ್ದೆ. ನಾಲ್ಕು ಜನ ಗೆಳೆಯರು ನಮ್ಮನೆ ಜಗಲಿಯಲ್ಲಿ ಸೇರಿದ್ದಾಗ ಗಟ್ಟಿಯಾಗಿ ಓದಿದೆ. ಮೂರನೇ ಪುಟಕ್ಕೆ ಒಬ್ಬರು ಕವಳದ ಎಲೆ ಅಡಿಕೆ ಹರಿವಾಣ ಹತ್ತಿರ ಎಳೆದುಕೊಂಡರು. ಐದನೇ ಪುಟಕ್ಕೆ ಇನ್ನೊಬ್ಬರು ಎದ್ದು ಅಂಗಳಕ್ಕೆ ಹೋದರು. ನನಗೆ ಓದು ನಿಲ್ಲಿಸಿಬಿಡೋಣ ಅನ್ನಿಸಿತು.

ಆಮೇಲೆ ಒಂದು ಕಡೆ ಅಪ್ಪ ಬಂದ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ದಿನ ಅವನು ತೋಟದ ತಲೆಯಲ್ಲಿ ನಿಂತು ಆಕಾಶ ನೋಡುತ್ತಾನೆ. ನಾಲ್ಕೇ ಸಾಲು. ಎಲ್ಲರೂ ತಲೆ ಎತ್ತಿದರು. ಆ ಮದ್ದು, ಬೋರ್ಡೋ ದ್ರಾವಣ, ಅಡಿಕೆ ಗೊನೆಗೆ ಅಂಟಿ ಒಣಗಲು ಸ್ವಲ್ಪ ಹೊತ್ತು ಮಳೆ ಬಿಟ್ಟ ಹೊಳವು ಬೇಕು. ಅಷ್ಟರಲ್ಲಿ ಮಳೆ ಹೊಡೆದರೆ ಮದ್ದೂ ಹೋಯಿತು, ಕೂಲಿಯೂ ಹೋಯಿತು. ಆ ಕಾಯುವುದು ನನಗೆ ಚಿಕ್ಕಂದಿನಿಂದ ಮೈಯಲ್ಲೇ ಇತ್ತು. 11 ಪುಟದ ಮಳೆ ಮಾತ್ರ ಪುಸ್ತಕ ಓದಿ ಕಲಿತ ಮಳೆ. ಅದನ್ನು ತೆಗೆದೆ. ಆ ನಾಲ್ಕು ಸಾಲಿನಿಂದ ಮತ್ತೆ ಶುರು ಮಾಡಿದೆ.

ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಕೇಳಿದವರು ‘ಹೀಗೆ ಬರೆಯಬೇಕಿತ್ತು’ ಅನ್ನಬಾರದು. ‘ಇಲ್ಲಿ ನನ್ನ ಗಮನ ಹೋಯಿತು’, ‘ಇಲ್ಲಿ ಮಾತಾಡಿದ್ದು ಯಾರು ಅಂತ ಗೊತ್ತಾಗಲಿಲ್ಲ’, ಇಷ್ಟು ಹೇಳಿದರೆ ಸಾಕು. ಒಂದು ಸಲ ಗೆಳೆಯರೊಬ್ಬರು ಹೇಳಿದಂತೆ ಇಡೀ ಅಧ್ಯಾಯ ತಿದ್ದಿದ್ದೆ. ಚೆನ್ನಾಗಿಯೇ ಬಂತು, ಆದರೆ ಅದು ಅವರ ಅಧ್ಯಾಯ ಆಗಿತ್ತು.

ಡಿಸೋಜ ಅವರ ವಿಷಯಕ್ಕೆ ಬರುತ್ತೇನೆ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸದಲ್ಲಿದ್ದವರು, ಮುಳುಗಡೆಯನ್ನು ಆ ಕಡೆಯಿಂದ ನೋಡಿದವರು. ನಿಮ್ಮ ಅಜ್ಜಿ ಅದೇ ನೀರನ್ನು ಅಡುಗೆಮನೆ ಕಿಟಕಿಯಿಂದ ನೋಡಿದವರು. ಆ ಕಿಟಕಿ ನಿಮ್ಮ ಹತ್ತಿರ ಇದೆ.

ತೀರ್ಥಹಳ್ಳಿಯಿಂದ:

ಮೇಲಿನವರು ಹೇಳಿದ್ದು ಸರಿ. ನನ್ನದೂ ಒಂದು ಸೇರಿಸುತ್ತೇನೆ.

ನನಗೆ ಕಥೆ ಹೇಳುವುದನ್ನು ಕಲಿಸಿದ್ದು ಅಡಿಕೆ ಸುಲಿಯುವ ರಾತ್ರಿಗಳು. ಮೆಟ್ಟುಗತ್ತಿ ಮುಂದೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಅವರಲ್ಲಿ ಒಬ್ಬರು ಅತ್ತೆ. ಅವರು ಕಥೆಯನ್ನು ಯಾವತ್ತೂ ಮೊದಲಿನಿಂದ ಹೇಳಿದವರಲ್ಲ. ಜಗಳದ ನಡುವಿನಿಂದ ಎತ್ತಿಕೊಳ್ಳುತ್ತಿದ್ದರು. ಎಲ್ಲರ ಕೈ ನಿಧಾನ ಆಯಿತು ಅನ್ನುವಾಗ ‘ಎಷ್ಟ್ ಡಬ್ಬ ಆಯ್ತೇ?’ ಅಂತ ಸುಲಿದ ಅಡಿಕೆಯ ಲೆಕ್ಕ ಕೇಳಿ ಕಥೆ ಅಲ್ಲೇ ಬಿಡುತ್ತಿದ್ದರು. ಮರುದಿನ ಸುಲಿಯಲು ಒಬ್ಬರೂ ತಪ್ಪಿಸುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಅವರ ಒಂದು ಗಂಟೆಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಒಂದು ಪದವನ್ನೂ ತಿದ್ದದೆ ಬರೆದುಕೊಂಡೆ. ನಾಲ್ಕು ದಿನ ಹಿಡಿಯಿತು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವರು ‘ದುಃಖ’ ಅನ್ನುವ ಪದವನ್ನೇ ಬಳಸಿರಲಿಲ್ಲ. ‘ಅವತ್ತು ಒಲೆ ಹಚ್ಚಲಿಲ್ಲ’ ಅಂದಿದ್ದರು ಅಷ್ಟೆ. ನನ್ನ ಕರಡಿನಲ್ಲಿ ದುಃಖ ಪುಟಕ್ಕೆ ಎರಡು ಸಲ ಇತ್ತು.

ಹಾಗಂತ ಆಡುಮಾತನ್ನು ಎಲ್ಲ ಕಡೆ ತುಂಬಬೇಡಿ. ನಾನು ಮಾತುಕತೆಯಲ್ಲಿ ಮಾತ್ರ ‘ಎಂತ ಮಾರಾಯ್ತಿ’ ಉಳಿಸಿಕೊಂಡೆ. ನಿರೂಪಣೆಯಲ್ಲಿ ಅತ್ತೆಯ ಓಟ ಇದೆ, ಪದಗಳು ಸಾಮಾನ್ಯ ಕನ್ನಡ. ಊರಿನ ಪದಕ್ಕೆ ಅರ್ಥ ಕೊಡುತ್ತ ಕೂರುವುದೂ ಬೇಡ. ನಾಟಿ ಮಾಡುವವಳ ಬೆನ್ನ ಮೇಲಿನ ಗೊರಬಿನಿಂದ ನೀರು ಇಳಿದು ಹೋಯಿತು ಅಂದರೆ ಗೊರಬು ಏನು ಅಂತ ಬಯಲುಸೀಮೆಯವರಿಗೂ ತಿಳಿಯುತ್ತದೆ, ಅಲ್ವಾ?

ದೊಡ್ಡವರ ನೆರಳಿಗೂ ಹೆದರಬೇಡಿ. ಕುವೆಂಪು, ಅನಂತಮೂರ್ತಿ, ಎಂ.ಕೆ. ಇಂದಿರಾ ಮೂವರೂ ನಮ್ಮ ತೀರ್ಥಹಳ್ಳಿ ಕಡೆಯವರೇ. ಅದೇ ತುಂಗೆ, ಅದೇ ತೋಟ, ಅದೇ ಮಳೆ. ಮೂವರ ಕನ್ನಡದಲ್ಲಿ ಯಾವುದು ಯಾರದ್ದು ಅಂತ ಹೆಸರು ನೋಡದೆಯೂ ಹೇಳಬಹುದು. 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ. ನಿಮಗಿನ್ನೂ ಬೇಕಾದಷ್ಟು ಸಮಯ ಇದೆ.

ಶಿವಮೊಗ್ಗದಿಂದ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮುಗಿಯುವ ತನಕ ಯಾರಿಗೂ ತೋರಿಸಬೇಡಿ. ನಾನು ಮೊದಲ ಅಧ್ಯಾಯವನ್ನು ವಾಟ್ಸಾಪ್‌ನಲ್ಲಿ ಹತ್ತು ಜನರಿಗೆ ಕಳಿಸಿದೆ. ಹತ್ತು ತರದ ಅಭಿಪ್ರಾಯ ಬಂತು. ಅದೊಂದನ್ನೇ ಒಂಬತ್ತು ಸಲ ಬರೆದೆ. ಎರಡನೇ ಅಧ್ಯಾಯ ಹುಟ್ಟಲೇ ಇಲ್ಲ. ಮುಂದಿನ ಕಾದಂಬರಿಯನ್ನು ಪೂರ್ತಿ ಮುಗಿಸಿ ಇಬ್ಬರಿಗೆ ಮಾತ್ರ ಕೊಟ್ಟೆ. ಒಬ್ಬರು ಬರೆಯುವವರು, ಇನ್ನೊಬ್ಬರು ಸುಮ್ನೆ ಓದುವವರು. ಜಾಸ್ತಿ ಉಪಯೋಗ ಆಗಿದ್ದು ಓದುವವರ ಮಾತು.

ಮೂರು ವರ್ಷ ಆಯಿತು ಅಂತ ಕೊರಗಬೇಡಿ. ಕುವೆಂಪು ಅವರ ಎರಡು ಕಾದಂಬರಿಗಳು ಬಂದಿದ್ದು 1936ರಲ್ಲಿ ಮತ್ತು 1967ರಲ್ಲಿ. ನಡುವೆ 31 ವರ್ಷ.

ಸಾಗರದಿಂದ, ಮತ್ತೆ:

ವಾಟ್ಸಾಪ್‌ನಲ್ಲಿ ಕಳಿಸಬಾರದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಎದುರು ಕೂತು ಓದುವುದು ಬೇರೆ. ಅಲ್ಲಿ ನಾವು ಅಭಿಪ್ರಾಯ ಕೇಳುವುದಿಲ್ಲ, ಮುಖ ನೋಡುತ್ತೇವೆ. ನಾಲ್ಕು ಪುಟ ಸಾಕು.

ಇನ್ನೊಂದು. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ ನಿಮಗೆ ದೂರ ಏನಲ್ಲ. ಅಲ್ಲಿ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಸಂಸ್ಕೃತಿ ಶಿಬಿರ ನಡೆಯುತ್ತದೆ. ಸಾಧ್ಯವಾದರೆ ಒಮ್ಮೆ ಹೋಗಿ. ಒಂದೇ ನಾಟಕ ನೋಡಿ ಬಂದ ಜನ ಮರುದಿನ ಅದರ ಬಗ್ಗೆ ಎಷ್ಟು ಬೇರೆ ಬೇರೆ ಮಾತಾಡುತ್ತಾರೆ ಅಂತ ಕೇಳಿದ ಮೇಲೆ ನನಗೆ ನನ್ನ ಬರಹದ ಮೇಲಿನ ಟೀಕೆಯ ಭಯ ಅರ್ಧ ಹೋಯಿತು.

ಹೊಸನಗರದಿಂದ:

ನಿಮ್ಮೆಲ್ಲರ ಮಾತನ್ನು ಎರಡು ಸಲ ಓದಿದೆ. ನಿನ್ನೆ ರಾತ್ರಿ ಅಜ್ಜಿಯ ಮಾತು ರೆಕಾರ್ಡ್ ಮಾಡಿದೆ. 40 ನಿಮಿಷ ಮಾತಾಡಿದರು. ನೀರಿನ ಸುದ್ದಿಯೇ ಇಲ್ಲ. ಪೂರ್ತಿ ಒರಳುಕಲ್ಲಿನ ಮಾತು. ಭಾರ ಅಂತ ಗಾಡಿಗೆ ಹಾಕಲಿಲ್ಲವಂತೆ, ಅಲ್ಲೇ ಬಿಟ್ಟು ಬಂದರಂತೆ. ಹೊರಡುವ ಬೆಳಿಗ್ಗೆಯೂ ಅದರಲ್ಲಿ ದೋಸೆಗೆ ಅಕ್ಕಿ ರುಬ್ಬಿದ್ದರಂತೆ. ನನ್ನ 80 ಪುಟದಲ್ಲಿ ಒರಳುಕಲ್ಲು ಒಂದು ಕಡೆಯೂ ಇಲ್ಲ.

ಸಾಗರದವರೇ, ಮುಂದಿನ ಸಲ ಜಗಲಿಯಲ್ಲಿ ಸೇರುವುದು ಯಾವಾಗ? ನಾಲ್ಕು ಪುಟ ತರುತ್ತೇನೆ.