ಬೈಕಾರ್ಬ್ ಕೊಟ್ಟದ್ದು ತಪ್ಪೇ? ಶ್ರೀನಿವಾಸಪುರದ ಒಂದು ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ವರದಿಯ ಮೇಲೆ ಚರ್ಚೆ

ಶ್ರೀನಿವಾಸಪುರದ ವೈದ್ಯ: ಇನ್ಸುಲಿನ್ ಬಿಟ್ಟಿದ್ದ ಮಾವಿನ ತೋಟದ ರೈತರೊಬ್ಬರು ಕೀಟೋ ಆಸಿಡೋಸಿಸ್ (ಕೀಟೋನ್ ಸೇರಿ ರಕ್ತ ಆಮ್ಲೀಯವಾಗುವುದು) ಆಗಿ ಬಂದರು. ಪಿಎಚ್ 7.08, ಕಾರ್ಬನ್ ಡೈಆಕ್ಸೈಡ್ 28, ಬೈಕಾರ್ಬನೇಟ್ 8, ಸೋಡಿಯಂ 134, ಕ್ಲೋರೈಡ್ 98 ಇತ್ತು. ಆಮ್ಲ ತಗ್ಗಿಸಲು ಬೈಕಾರ್ಬ್ (ಸೋಡಿಯಂ ಬೈಕಾರ್ಬನೇಟ್) ಕೊಟ್ಟು ಕೋಲಾರಕ್ಕೆ ಕಳುಹಿಸಿದ್ದಕ್ಕೆ ಅಲ್ಲಿನವರು ಆಕ್ಷೇಪಿಸಿದರು. ಇಷ್ಟು ಆಮ್ಲೀಯ ಪಿಎಚ್ ನೋಡಿಯೂ ಕೈಕಟ್ಟಿ ಕೂರಬೇಕಿತ್ತೇ?

ಮಾಲೂರಿನ ಅರಿವಳಿಕೆ ತಜ್ಞ: ಡ್ರಿಪ್ ಹಾಕಿ, ಪೊಟ್ಯಾಸಿಯಂ ನೋಡಿಕೊಂಡು ಇನ್ಸುಲಿನ್ ಕೊಡುವುದನ್ನು "ಕೈಕಟ್ಟಿ ಕೂರುವುದು" ಎನ್ನುವುದಿಲ್ಲ. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಎರಡನ್ನೂ ಕಳೆದರೆ ಅನಯಾನ್ ಗ್ಯಾಪ್ (ನೇರವಾಗಿ ಅಳೆಯದ ಆಮ್ಲಗಳ ಅಂದಾಜು) 28 ಬರುತ್ತದೆ, ಅದು ಕೀಟೋನಿನದು. ಆದರೆ ಬೈಕಾರ್ಬನೇಟಿನ ಒಂದೂವರೆ ಪಟ್ಟಿಗೆ 8 ಕೂಡಿಸಿದರೆ ಕಾರ್ಬನ್ ಡೈಆಕ್ಸೈಡ್ 20ರ ಆಸುಪಾಸಿನಲ್ಲಿರಬೇಕಿತ್ತು. 28 ಇದೆಯೆಂದರೆ, ಆಮ್ಲ ಸರಿದೂಗಿಸಲು ಆ ಅನಿಲವನ್ನು ಹೊರಹಾಕಬೇಕಿದ್ದ ಉಸಿರಾಟ ಸೋಲುತ್ತಿತ್ತು. ಬೈಕಾರ್ಬ್‌ನಿಂದ ಹುಟ್ಟುವ ಹೆಚ್ಚುವರಿ ಅನಿಲವನ್ನು ಸೋತ ಎದೆ ಹೇಗೆ ಹೊರಹಾಕೀತು?

ಬಂಗಾರಪೇಟೆಯ ಲ್ಯಾಬ್ ತಂತ್ರಜ್ಞ: "28 ಇದೆಯೆಂದರೆ" ಎನ್ನುವ ಮುನ್ನ ರಕ್ತ ಎಷ್ಟು ಹೊತ್ತಿಗೆ ಯಂತ್ರ ತಲುಪಿತೆಂದು ಕೇಳಿದಿರಾ?

ಶ್ರೀನಿವಾಸಪುರದ ವೈದ್ಯ: ನಮ್ಮಲ್ಲಿ ಯಂತ್ರವಿಲ್ಲ. ಸಿರಿಂಜಿಗೆ ಮುಚ್ಚಳ ಹಾಕಿ ವಾರ್ಡ್ ಬಾಯ್ ಕೈಯಲ್ಲಿ ಬೈಕಿನ ಮೇಲೆ ಲ್ಯಾಬಿಗೆ ಕಳುಹಿಸಿದೆವು, ನಲವತ್ತು ನಿಮಿಷವಾಯಿತು, ಐಸ್ ಇರಲಿಲ್ಲ.

ಬಂಗಾರಪೇಟೆಯ ಲ್ಯಾಬ್ ತಂತ್ರಜ್ಞ: ಐಸ್ ಇಲ್ಲವೇ! ರಕ್ತಕಣಗಳು ಸಿರಿಂಜಿನೊಳಗೂ ಸಕ್ಕರೆ ತಿನ್ನುತ್ತಲೇ ಇರುವುದರಿಂದ ಪಿಎಚ್ ಇಳಿದು ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಆ ಕಾಗದದ ಮೇಲೆ ಇಷ್ಟು ಪಾಂಡಿತ್ಯ ಬೇಡ.

ಮಾಲೂರಿನ ಅರಿವಳಿಕೆ ತಜ್ಞ: ಪಾಂಡಿತ್ಯವಲ್ಲ ಸ್ವಾಮಿ, ನಲವತ್ತು ನಿಮಿಷದಲ್ಲಿ 20 ಇದ್ದದ್ದು 28 ಆಗುವುದಿಲ್ಲ. ಪ್ಲಾಸ್ಟಿಕ್ ಸಿರಿಂಜನ್ನು ಐಸಿನಲ್ಲಿಟ್ಟರೆ ಆಮ್ಲಜನಕದ ಅಂಕಿಯೇ ಕೆಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜಿಗೆ ಹಾಕುವ ಹೆಪಾರಿನ್ ಹೆಚ್ಚಾಗಿದ್ದರೆ ಕಾರ್ಬನ್ ಡೈಆಕ್ಸೈಡ್ ಇರುವುದಕ್ಕಿಂತ ಕಡಿಮೆಯೇ ಕಾಣುತ್ತದೆ.

ಬಂಗಾರಪೇಟೆಯ ಲ್ಯಾಬ್ ತಂತ್ರಜ್ಞ: "ಹೆಪಾರಿನ್ ಹೆಚ್ಚಾಗಿದ್ದರೆ" ಎಂದಿರಿ, ಅಂದರೆ ಮಾದರಿಯ ಮೇಲೆ ನಿಮಗೂ ಅನುಮಾನವಿದೆ. ನನಗೆ ಅಷ್ಟು ಸಾಕು.

ಮುಳಬಾಗಿಲಿನ ಸ್ಟಾಫ್ ನರ್ಸ್: ಸಿರಿಂಜಿನ ಜಗಳ ಸಾಕು. ರೋಗಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದರೆಂದು ಇಷ್ಟು ಹೊತ್ತಾದರೂ ಯಾರೂ ಕೇಳಲಿಲ್ಲ.

ಶ್ರೀನಿವಾಸಪುರದ ವೈದ್ಯ: ಬಂದಾಗ 36 ಇತ್ತು, ಬೈಕಾರ್ಬ್ ಹನಿಯುವಾಗ 18ಕ್ಕೆ ಇಳಿದಿತ್ತು, ಸುಧಾರಿಸುತ್ತಿದ್ದಾರೆಂದುಕೊಂಡೆ. ಅದಿರಲಿ, 2018ರ ಫ್ರಾನ್ಸಿನ ಬೈಕಾರ್-ಐಸಿಯು ಅಧ್ಯಯನದಲ್ಲಿ ಮೂತ್ರಪಿಂಡ ಸೋತವರಿಗೆ ಬೈಕಾರ್ಬ್‌ನಿಂದ ಲಾಭವಾಗಿತ್ತಲ್ಲ?

ಮಾಲೂರಿನ ಅರಿವಳಿಕೆ ತಜ್ಞ: ಆ ಅಧ್ಯಯನ ಕೀಟೋ ಆಸಿಡೋಸಿಸ್ ರೋಗಿಗಳನ್ನು ಸೇರಿಸಿಕೊಂಡೇ ಇರಲಿಲ್ಲ, ಒಟ್ಟಾರೆ ರೋಗಿಗಳಲ್ಲಿ ಗಣನೀಯ ವ್ಯತ್ಯಾಸವೂ ಕಾಣಲಿಲ್ಲ. 2024ರ ಅಂತರರಾಷ್ಟ್ರೀಯ ಒಮ್ಮತದ ವರದಿಯೂ ಪಿಎಚ್ 7.0ಕ್ಕಿಂತ ಕೆಳಗಿಳಿದರೆ ಮಾತ್ರ ಬೈಕಾರ್ಬ್ ಯೋಚಿಸಿ ಎನ್ನುತ್ತದೆ.

ಶ್ರೀನಿವಾಸಪುರದ ವೈದ್ಯ: 7.08ಕ್ಕೂ 7.0ಕ್ಕೂ ಎಷ್ಟು ದೂರ, ಸರ್? ಕೋಲಾರದ ದಾರಿ ಅದಕ್ಕಿಂತ ಉದ್ದವಿತ್ತು.

ಮುಳಬಾಗಿಲಿನ ಸ್ಟಾಫ್ ನರ್ಸ್: ಆ ದಾರಿಯಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ಯಾರು ಕೂತಿದ್ದರು, ಡಾಕ್ಟರೇ?

ಬಂಗಾರಪೇಟೆಯ ಲ್ಯಾಬ್ ತಂತ್ರಜ್ಞ: ಐಸಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.