ಉಬುಂಟುವಿನಲ್ಲಿ ಚೀನಿ ಅಕ್ಷರಗಳು ಪುಸ್ತಕದಲ್ಲಿರುವ ಹಾಗೆ ಕಾಣ್ತಿಲ್ಲ, ಏನು ಮಾಡಲಿ?

ಗೆರೆಲೆಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಚೀನಿ ಭಾಷೆ ಕಲೀತಿದ್ದೀನಿ, ಸರಳೀಕೃತ ಲಿಪಿಯಲ್ಲಿ. ಕಂಪ್ಯೂಟರಿನಲ್ಲಿರೋದು ಉಬುಂಟು, ಡೆಸ್ಕ್‌ಟಾಪ್ ಪೂರ್ತಿ ಕನ್ನಡದಲ್ಲಿದೆ. ಖಾಲಿ ಚೌಕ ಬರುವ ತೊಂದರೆ ನನಗಿಲ್ಲ, ಅಕ್ಷರಗಳು ಕಾಣುತ್ತವೆ. ಆದರೆ ಕೆಲವು ಅಕ್ಷರಗಳ ಆಕಾರವೇ ಬೇರೆ. ಎಲುಬು ಅನ್ನೋ ಅಕ್ಷರವನ್ನೇ ತಗೊಳ್ಳಿ. ಪಠ್ಯಪುಸ್ತಕದಲ್ಲಿ ಅದರ ಮೇಲ್ಭಾಗದ ಒಳಗಿರುವ ಪುಟ್ಟ ಮೂಲೆ ಎಡಕ್ಕಿದೆ, ನಿಘಂಟಿನಲ್ಲಿ 9 ಗೆರೆ ಅಂತಿದೆ. ನನ್ನ ಪರದೆಯಲ್ಲಿ ಆ ಮೂಲೆ ಬಲಕ್ಕಿದೆ, ಎಣಿಸಿದರೆ 10 ಗೆರೆ. ನಾನು ಪರದೆ ನೋಡಿಕೊಂಡೇ ಕೈಬರಹ ತಿದ್ದೋದು, ಹಾಗಾಗಿ ಇದನ್ನು ಹೀಗೇ ಬಿಡೋಕಾಗಲ್ಲ.

ಇನ್ನೊಂದು: ಒಂದೇ ಸಾಲಿನಲ್ಲಿ ಕೆಲವು ಅಕ್ಷರ ದಪ್ಪ, ಪಕ್ಕದ್ದು ತೆಳು. ಬೇರೆ ಫಾಂಟ್ ಹಾಕಿಕೊಂಡರೆ ಸಾಕಾ?

ಹಳೇಟರ್ಮಿನಲ್:

ಫಾಂಟ್ಸ್-ನೋಟೋ-ಸಿಜೆಕೆ ಅಂತ ಪ್ಯಾಕೇಜ್ ಇದೆ (ಸಿಜೆಕೆ ಅಂದ್ರೆ ಚೀನಿ, ಜಪಾನಿ, ಕೊರಿಯನ್), ಅದನ್ನು ಹಾಕಿ ಒಮ್ಮೆ ಲಾಗ್ ಔಟ್ ಮಾಡಿ ಬನ್ನಿ. ನನಗೆ ಅಷ್ಟರಲ್ಲೇ ಸರಿಹೋಯ್ತು.

ಅಚ್ಚುಮೊಳೆ:

ಆ ಪ್ಯಾಕೇಜ್ ಬೇಕೇ ಬೇಕು, ಆದರೆ ಗೆರೆಲೆಕ್ಕ ಅವರ ತೊಂದರೆ ಅದೊಂದರಿಂದ ತೀರುವಂಥದ್ದಲ್ಲ. ನಾನು ಬಹುಭಾಷಾ ಪುಸ್ತಕಗಳ ಪುಟವಿನ್ಯಾಸ ಮಾಡುವವನು. ಈ ಎಲುಬಿನ ಅಕ್ಷರ ನನಗೆ ಚೆನ್ನಾಗಿ ಗೊತ್ತು, ಹೊಸ ಗಣಕಕ್ಕೆ ಕೂತಾಗ ಮೊದಲು ನೋಡೋದೇ ಅದನ್ನು. ಅದೊಂದು ಸರಿಯಿದ್ದರೆ ಉಳಿದವೂ ಸಾಮಾನ್ಯವಾಗಿ ಸರಿಯಿರುತ್ತವೆ.

ವಿಷಯ ಏನಂದ್ರೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಚೀನಿ, ಜಪಾನಿ, ಕೊರಿಯನ್ ಮೂರಕ್ಕೂ ಸೇರಿದ ಹಾನ್ (ಚೀನಿ ಮೂಲದ) ಅಕ್ಷರಗಳಿಗೆ ಬಹುಮಟ್ಟಿಗೆ ಒಂದೇ ಸಂಖ್ಯೆ. ಎಲುಬಿಗೆ ಎಲ್ಲ ಕಡೆಯೂ 9ಎಎ8. ಮೂಲೆ ಎಡಕ್ಕೋ ಬಲಕ್ಕೋ ಅನ್ನೋದು ಆ ಸಂಖ್ಯೆಯಲ್ಲಿಲ್ಲ, ಫಾಂಟಿನಲ್ಲಿದೆ. ಚೀನಾದ ಅಚ್ಚಿನಲ್ಲಿ ಎಡ, ಜಪಾನಿನ ಅಚ್ಚಿನಲ್ಲಿ ಬಲ. ಯಾವ ಫಾಂಟ್ ತೆಗೆದುಕೊಳ್ಳಬೇಕು ಅಂತ ತೀರ್ಮಾನ ಮಾಡೋದು ಫಾಂಟ್‌ಕಾನ್ಫಿಗ್ ಅನ್ನೋ ತಂತ್ರಾಂಶ. ಡೆಸ್ಕ್‌ಟಾಪ್ ಚೀನಿ ಭಾಷೆಯಲ್ಲಿದ್ದರೆ ಅದಕ್ಕೆ ಸುಳಿವು ಸಿಗುತ್ತೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸುಳಿವೇ ಇಲ್ಲ, ಪಟ್ಟಿಯಲ್ಲಿ ಮುಂದೆ ಇದ್ದದ್ದನ್ನು ಎತ್ತಿಕೊಳ್ಳುತ್ತೆ. ನೋಟೋ ಸಿಜೆಕೆಯಲ್ಲಿ ಮುಂದೆ ನಿಲ್ಲೋದು ಸಾಮಾನ್ಯವಾಗಿ ಜಪಾನಿ ರೂಪ. ನಿಮ್ಮ 10 ಗೆರೆ ಬಂದದ್ದು ಅಲ್ಲಿಂದ.

ದಪ್ಪ ತೆಳು ಬೆರೆಯೋದಕ್ಕೂ ಮೂಲ ಇದೇ. ಜಪಾನಿಗೆಂದೇ ಮಾಡಿದ ಹಳೆಯ ಫಾಂಟೊಂದು ಮುಂದೆ ಇದೆ ಅಂದುಕೊಳ್ಳಿ. ಸರಳೀಕೃತ ಅಕ್ಷರಗಳಲ್ಲಿ ಎಷ್ಟೋ ಅದರಲ್ಲಿ ಇರೋದೇ ಇಲ್ಲ. ಇದ್ದದ್ದನ್ನು ಅದರಿಂದ, ಇಲ್ಲದ್ದನ್ನು ಇನ್ನೊಂದರಿಂದ ತಂದು ಒಂದೇ ಸಾಲಿನಲ್ಲಿ ಕೂರಿಸುತ್ತೆ. ಡ್ರಾಯಿಡ್ ಸಾನ್ಸ್ ಫಾಲ್‌ಬ್ಯಾಕ್ ಇದೆಯಾ ಅಂತಲೂ ನೋಡಿ, ನೀವು ಹಾಕದಿದ್ದರೂ ಬೇರೆ ಪ್ಯಾಕೇಜಿನ ಜೊತೆ ಬಂದಿರಬಹುದು. ಅದಕ್ಕೆ ಬೋಲ್ಡ್ ಇಲ್ಲ, ಬೋಲ್ಡ್ ಕೇಳಿದರೆ ಗೆರೆಗಳನ್ನೇ ಉಬ್ಬಿಸಿ ತೋರಿಸುತ್ತೆ. ಗೆರೆ ಹೆಚ್ಚಿರುವ ಅಕ್ಷರದ ಒಳಗೆಲ್ಲ ಮಸಿ ತುಂಬಿದ ಹಾಗಾಗುತ್ತೆ.

ಈಗ ಮಾಡಬೇಕಾದ್ದು. ಮೊದಲು ಟರ್ಮಿನಲ್‌ನಲ್ಲಿ ಎಫ್‌ಸಿ-ಮ್ಯಾಚ್ ಆದೇಶಕ್ಕೆ ಸಾನ್ಸ್-ಸೆರಿಫ್ (ತುದಿಗೆರೆ ಇಲ್ಲದ ಅಕ್ಷರಶೈಲಿ) ಅಂತ ಮಾತ್ರ ಕೊಟ್ಟರೆ ಇಂಗ್ಲಿಷ್ ಫಾಂಟಿನ ಹೆಸರು ಬರುತ್ತೆ, ಅದರಿಂದ ಏನೂ ತಿಳಿಯಲ್ಲ. ಹಿಂದೆ ಅಡ್ಡಗೆರೆ ಎಸ್ ಸೇರಿಸಿ, ಆಗ ಪೂರ್ತಿ ಸಾಲು ಕಾಣುತ್ತೆ. ಅದರಲ್ಲಿ ನೋಟೋ ಸಾನ್ಸ್ ಸಿಜೆಕೆ ಮುಂದೆ ಜೆಪಿ (ಜಪಾನಿ) ಇದೆಯೋ ಎಸ್‌ಸಿ (ಸರಳೀಕೃತ ಚೀನಿ) ಇದೆಯೋ ನೋಡಿ. ಫೈಲಿನ ಹೆಸರು ನೋಡಬೇಡಿ, ಎಲ್ಲ ಪ್ರದೇಶದ ರೂಪಗಳೂ ಒಂದೇ ಫೈಲಿನೊಳಗೆ ಇರೋದರಿಂದ ಅದು ಯಾವಾಗಲೂ ಒಂದೇ. ಕುಟುಂಬದ ಹೆಸರಿನ ಕೊನೆಯ ಎರಡಕ್ಷರ ಮುಖ್ಯ.

ಆಮೇಲೆ ಹೋಮ್ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗೆ ಫಾಂಟ್‌ಕಾನ್ಫಿಗ್ ಅನ್ನೋ ಫೋಲ್ಡರ್ ಮಾಡಿ, ಅದರಲ್ಲಿ ಫಾಂಟ್ಸ್ ಡಾಟ್ ಕಾನ್ಫ್ ಫೈಲ್ ಬರೆಯಿರಿ. ಸಾನ್ಸ್-ಸೆರಿಫ್‌ಗೆ ಒಂದು ಅಲಿಯಾಸ್ (ಆ ಹೆಸರು ಕೇಳಿದಾಗ ಯಾವ ಫಾಂಟ್ ಕೊಡಬೇಕು ಅನ್ನೋ ನಿಯಮ), ಅದರ ಪ್ರಿಫರ್ ಒಳಗೆ ಕ್ರಮವಾಗಿ ನೋಟೋ ಸಾನ್ಸ್, ನೋಟೋ ಸಾನ್ಸ್ ಕನ್ನಡ, ನೋಟೋ ಸಾನ್ಸ್ ಸಿಜೆಕೆ ಎಸ್‌ಸಿ. ಈ ಕ್ರಮ ತಪ್ಪಿಸಬೇಡಿ. ಚೀನಿ ಫಾಂಟನ್ನು ಮೊದಲು ಇಟ್ಟರೆ ಅದರಲ್ಲೇ ಇರುವ ಇಂಗ್ಲಿಷ್ ಅಕ್ಷರಗಳು ಬಂದು ಇಡೀ ಡೆಸ್ಕ್‌ಟಾಪಿನ ಮುಖವೇ ಬದಲಾಗುತ್ತೆ. ಸೆರಿಫ್‌ಗೂ (ತುದಿಗೆರೆ ಇರುವ ಶೈಲಿ) ಮಾನೋಸ್ಪೇಸ್‌ಗೂ (ಸಮ ಅಗಲದ ಅಕ್ಷರಗಳ ಶೈಲಿ) ಬೇರೆ ಬೇರೆ ಅಲಿಯಾಸ್ ಬೇಕು, ಮಾನೋಸ್ಪೇಸ್‌ಗೆ ನೋಟೋ ಸಾನ್ಸ್ ಮಾನೋ ಸಿಜೆಕೆ ಎಸ್‌ಸಿ. ಇದನ್ನು ಬಿಟ್ಟರೆ ಟರ್ಮಿನಲ್‌ನಲ್ಲಿ ಮತ್ತೆ ಅದೇ ಬಲಗಡೆ ಮೂಲೆ ನೋಡ್ತೀರಿ.

ಫೈರ್‌ಫಾಕ್ಸ್‌ನಲ್ಲಿ ಫಾಂಟುಗಳ ಸುಧಾರಿತ ಆಯ್ಕೆಗೆ ಹೋಗಿ ಸರಳೀಕೃತ ಚೀನಿಗೂ ಎಸ್‌ಸಿ ಆರಿಸಿ. ಜಾಲಪುಟಗಳ ಭಾಷೆಯ ಪಟ್ಟಿಗೂ ಅದನ್ನು ಸೇರಿಸಿ. ಪುಟ ಬರೆದವರು ಭಾಷೆ ಯಾವುದು ಅಂತ ನಮೂದಿಸದಿದ್ದಾಗ ಆ ಪಟ್ಟಿ ಉಪಯೋಗಕ್ಕೆ ಬರುತ್ತೆ. ಹಾಗೆ ನಮೂದಿಸದ ಪುಟಗಳು ತುಂಬಾ ಇವೆ, ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ ಅದು. ಒಂದು ಪದ ಸೇರಿಸಿದ್ದರೆ ಓದುವವರಿಗೆ ಇಷ್ಟು ತೊಂದರೆ ಆಗ್ತಿರಲಿಲ್ಲ. ಲಿಬ್ರೆ ಆಫೀಸಿನಲ್ಲಿ ಪಾಶ್ಚಾತ್ಯ, ಏಷ್ಯನ್, ಸಂಕೀರ್ಣ ಅಂತ ಮೂರು ಫಾಂಟ್ ಜಾಗಗಳಿವೆ. ನಮ್ಮ ಕನ್ನಡ ಸಂಕೀರ್ಣಕ್ಕೆ, ಚೀನಿ ಏಷ್ಯನ್‌ಗೆ. ಸೆಟ್ಟಿಂಗ್ಸ್‌ನಲ್ಲಿ ಏಷ್ಯನ್ ಭಾಷೆ ಚಾಲೂ ಇಲ್ಲದಿದ್ದರೆ ಅಲ್ಲಿ ಏನು ಆರಿಸಬೇಕು ಅನ್ನೋದೇ ಕಾಣಲ್ಲ.

ಗೆರೆಲೆಕ್ಕ:

ತುಂಬಾ ಧನ್ಯವಾದ ಸರ್. ಪಟ್ಟಿಯಲ್ಲಿ ನೀವಂದ ಹಾಗೇ ಜೆಪಿ ಮುಂದಿತ್ತು. ಫೈಲ್ ಬರೆದ ಮೇಲೆ ಮೂಲೆ ಎಡಕ್ಕೆ ಬಂತು, ಸಾಲುಗಳೂ ಒಂದೇ ದಪ್ಪ ಇವೆ. ಈಗ ಇನ್ನೊಂದು ಸಿಕ್ಕಿಹಾಕಿಕೊಂಡಿದೆ. ಒಂದು ಹಳೆಯ ಉಪಶೀರ್ಷಿಕೆ ಫೈಲ್ ತೆರೆದರೆ ಚೀನಿಯೇ ಇಲ್ಲ, ಒತ್ತು ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಇದಕ್ಕೂ ಫಾಂಟೇ ಕಾರಣವಾ?

ಹಳೇಟರ್ಮಿನಲ್:

ಇಲ್ಲ, ಇದು ಎನ್‌ಕೋಡಿಂಗ್, ಅಂದ್ರೆ ಅಕ್ಷರಗಳನ್ನು ಫೈಲಿನಲ್ಲಿ ಸಂಖ್ಯೆಯಾಗಿ ಬರೆದಿಡುವ ಪದ್ಧತಿ. ನುಡಿಯಲ್ಲಿ ಟೈಪ್ ಮಾಡಿದ ಹಳೆ ಕಡತವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದಾಗ ಬರುತ್ತಲ್ಲ ಗೋಜಲು, ನೋಡೋಕೆ ಹಾಗೇ ಇರುತ್ತೆ. ಯಾವ ಫಾಂಟ್ ಹಾಕಿದರೂ ಬದಲಾಗಲ್ಲ. ಆ ಫೈಲ್, ಈಗಿನ ಯುಟಿಎಫ್-8 ಬಳಕೆ ಎಲ್ಲೆಡೆ ಹರಡುವುದಕ್ಕೆ ಮುಂಚೆ ಚೀನಾದಲ್ಲಿ ಬಳಸುತ್ತಿದ್ದ ಜಿಬಿಕೆ ಎನ್‌ಕೋಡಿಂಗಿನಲ್ಲಿರಬೇಕು. ಐಕಾನ್ವ್ ಆದೇಶದಲ್ಲಿ ಮೂಲ ಜಿಬಿ18030, ಗುರಿ ಯುಟಿಎಫ್-8 ಅಂತ ಕೊಟ್ಟು ಬೇರೆ ಹೆಸರಿನಲ್ಲಿ ಉಳಿಸಿ. ಜಿಬಿ18030 ಕೊಟ್ಟರೆ ಜಿಬಿಕೆ, ಅದಕ್ಕೂ ಹಿಂದಿನ 1980ರ ಜಿಬಿ2312 ಎರಡೂ ಅದರಲ್ಲೇ ಓದಿಸಿಕೊಳ್ಳುತ್ತವೆ. ತೈವಾನಿನಿಂದ ಬಂದ ಸಾಂಪ್ರದಾಯಿಕ ಲಿಪಿಯ ಫೈಲ್ ಆದರೆ ಬಿಗ್5 ಕೊಟ್ಟು ನೋಡಿ.

ಗೋಜಲು ಕಾಣುತ್ತಿರುವಾಗ ಎಡಿಟರಿನಲ್ಲಿ ಸೇವ್ ಮಾತ್ರ ಒತ್ತಬೇಡಿ, ಮೂಲವೇ ಕೆಡಬಹುದು. ಜಿಪ್ ಒಳಗಿನ ಫೈಲ್ ಹೆಸರುಗಳು ಹೀಗೆ ಬಂದರೆ ಯುಎನ್‌ಎಆರ್ ಅನ್ನೋ ತಂತ್ರಾಂಶದಲ್ಲಿ ಬಿಚ್ಚಿ, ಎನ್‌ಕೋಡಿಂಗನ್ನು ಅದೇ ಊಹಿಸುತ್ತೆ.

ನಡುರಾತ್ರಿಓದು:

ಇದೇ ಎಳೆಯಲ್ಲಿ ಕೇಳ್ತೀನಿ. ನನಗೆ ಎಲ್ಲ ಸರಿಯಿದೆ, ಒಬ್ಬರ ಹೆಸರಿನ ಒಂದೇ ಒಂದು ಅಕ್ಷರ ಮಾತ್ರ ಚೌಕವಾಗಿ ಬರುತ್ತೆ. ಫೈರ್‌ಫಾಕ್ಸ್‌ನಲ್ಲಿ ಚೌಕದೊಳಗೆ ಸಣ್ಣದಾಗಿ 02ರಿಂದ ಶುರುವಾಗುವ ಆರು ಅಂಕಿ ಅಕ್ಷರ ಇವೆ.

ಅಚ್ಚುಮೊಳೆ:

ಆ 02 ನೋಡಿದರೆ ಗೊತ್ತಾಗುತ್ತೆ, ಅದು ಯೂನಿಕೋಡಿನ ಎರಡನೇ ತಳಕ್ಕೆ (ಪ್ಲೇನ್ 2 ಅನ್ನೋ ಸಂಖ್ಯೆಗಳ ವಿಭಾಗಕ್ಕೆ) ಸೇರಿದ ಅಪರೂಪದ ಅಕ್ಷರ. ಒಂದು ಫಾಂಟ್ ಫೈಲಿನಲ್ಲಿ 65,535ಕ್ಕಿಂತ ಹೆಚ್ಚು ರೂಪ ಹಿಡಿಯಲ್ಲ, ಹಾನ್ ಅಕ್ಷರಗಳೇ 90 ಸಾವಿರ ದಾಟಿವೆ. ನೋಟೋ ತನ್ನ ಜಾಗವನ್ನು ಹೆಚ್ಚು ಬಳಕೆಯಲ್ಲಿರುವವಕ್ಕೇ ಮೀಸಲಿಟ್ಟಿದೆ. ಜನರ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಇಂಥ ಅಕ್ಷರ ಬಂದಾಗ ಬಿಡೋಕಾಗಲ್ಲ, ಒಬ್ಬ ಮನುಷ್ಯನ ಹೆಸರು ಅದು. ಫಾಂಟ್ಸ್-ಹಾನಾಝೋನೋ ಪ್ಯಾಕೇಜ್ ಹಾಕಿ. ಈ ಮಿತಿಯ ಕಾರಣಕ್ಕೇ ಅದು ಹಾನಾಮಿನ್ ಎ, ಹಾನಾಮಿನ್ ಬಿ ಅಂತ ಎರಡು ಫೈಲುಗಳಾಗಿ ಬರುತ್ತೆ, ನಿಮ್ಮ ಅಕ್ಷರ ಬಿ ಫೈಲಿನಲ್ಲಿರುವ ಸಾಧ್ಯತೆ ಹೆಚ್ಚು. ಅಲ್ಲೂ ಸಿಗದಿದ್ದರೆ ಬೇಬಲ್‌ಸ್ಟೋನ್ ಹಾನ್ ಇದೆ, ಅದೂ ಉಚಿತ. ಇವನ್ನು ಅಲಿಯಾಸ್ ಪಟ್ಟಿಯ ಕಟ್ಟಕಡೆಗೆ ಇಡಿ. ಹಾನಾಮಿನ್ ಅಚ್ಚು ಜಪಾನಿ ಶೈಲಿಯದು, ಮುಂದೆ ಇಟ್ಟರೆ ಎಲುಬಿನ ಮೂಲೆ ಮತ್ತೆ ಬಲಕ್ಕೆ ಹೋಗುತ್ತೆ. ಹಾಕಿದ ಮೇಲೆ ಫಾಂಟ್ ಪಟ್ಟಿಯನ್ನು ಹೊಸದಾಗಿಸುವ ಎಫ್‌ಸಿ-ಕ್ಯಾಶ್ ಆದೇಶ ಓಡಿಸಿ, ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿ ತೆರೆಯಿರಿ.

ನಡುರಾತ್ರಿಓದು:

ಬಿ ಫೈಲಿನಲ್ಲೇ ಇತ್ತು. ಹೆಸರು ಪೂರ್ತಿ ಕಾಣ್ತಿದೆ ಈಗ, ಧನ್ಯವಾದ.