ಸಹಾಯ ಬೇಕು: ಒಂದೇ ಕಾಫಿ, ವಿ60 ಪೇಪರ್ ಫಿಲ್ಟರಿನಲ್ಲಿ ಮಾತ್ರ ಒಗರು

ತಿಳಿದವರು ದಯವಿಟ್ಟು ಹೇಳಿ. ಕಾಫಿ ಲೈಟ್ ರೋಸ್ಟ್, ವಾಶ್ಡ್ (ಹಣ್ಣಿನ ತಿರುಳು ತೊಳೆದು ಒಣಗಿಸಿದ) ಅರೇಬಿಕಾ. ಕಪ್ಪಿಂಗ್‌ನಲ್ಲಿ (ರುಚಿ ನೋಡಲು ಸೋಸದೆ ಕಪ್‌ನಲ್ಲೇ ನೆನೆಸುವುದು: 8.25 ಗ್ರಾಂ ಪುಡಿ, 93 ಡಿಗ್ರಿಯ 150 ಮಿ.ಲೀ. ನೀರು, 4ನೇ ನಿಮಿಷಕ್ಕೆ ಮೇಲಿನ ಪದರ ಒಡೆದು, 70 ಡಿಗ್ರಿಗೆ ಇಳಿದ ಮೇಲೆ ಮೊದಲ ಗುಟುಕು) ಕಿತ್ತಳೆಯ ಹುಳಿ, ಆರಿದಂತೆಲ್ಲ ಜೇನಿನ ಸಿಹಿ. ಫ್ರೆಂಚ್ ಪ್ರೆಸ್‌ನಲ್ಲೂ ಅದೇ, ತುಸು ಮಂದ ಅಷ್ಟೇ.

ವಿ60ಯಲ್ಲಿ 15 ಗ್ರಾಂಗೆ 250 ಮಿ.ಲೀ., ಬ್ಲೂಮ್‌ಗೆ (ಪುಡಿ ನೆನೆದು ಉಬ್ಬಲೆಂದು ಮೊದಲು ಹಾಕುವ ನೀರು) 45 ಮಿ.ಲೀ., ಆಮೇಲೆ ನಾಲ್ಕು ಸಲ ಸುರಿದು ಒಟ್ಟು 3 ನಿಮಿಷ 10 ಸೆಕೆಂಡ್. ಮೊದಲು ಚುರುಕ್ಕೆನ್ನುವ ಹುಳಿ, ನುಂಗಿದ ಮೇಲೆ ನಾಲಿಗೆ ಒಣಗಿಸುವ ಒಗರು. ಬರೀ ಹುಳಿಯಿದ್ದರೆ ಪುಡಿ ಇನ್ನಷ್ಟು ನುಣ್ಣಗೆ ಮಾಡಬಹುದು, ಬರೀ ಕಹಿಯೋ ಒಗರೋ ಇದ್ದರೆ ತರಿತರಿ. ಹುಳಿ, ಒಗರು ಎರಡೂ ಒಟ್ಟಿಗೆ ಬರುತ್ತಿರುವುದರಿಂದ ಚಾನೆಲಿಂಗ್ ಎಂದೇ ಅನುಮಾನ: ನೀರು ಒಂದೇ ಕಡೆ ನುಗ್ಗಿ ಅಲ್ಲಿನ ಪುಡಿಯ ಸಾರವನ್ನೆಲ್ಲ ಎಳೆಯುತ್ತದೆ, ಉಳಿದದ್ದು ಅರೆಬರೆ. ಸೋರಿದ ಮೇಲೆ ಪುಡಿಯ ಹಾಸಿನಲ್ಲಿ ಒಂದು ಬದಿಗೆ ಗುಳಿ, ಪೇಪರಿನ ಅಂಚಿಗೆ ಧೂಳಿನಂಥ ಪುಡಿ.

ಸುರಿಯುವುದನ್ನು ಎರಡೇ ಸಲಕ್ಕೆ ಇಳಿಸಿದರೆ ಸಾಕೇ, ಅಥವಾ ಆ ಧೂಳನ್ನು ಜರಡಿ ಹಿಡಿದು ತೆಗೆಯಲೇಬೇಕೇ?

ಇನ್ನೊಂದು ಪ್ರಶ್ನೆ. ರುಚಿಗೆ ಅಂಕ ಕೊಡುವ ಮುಂಚೆ ಈ ಮೂರೂ ವಿಧಾನದ ಕಪ್‌ಗಳನ್ನು ನೀರು ಬೆರೆಸಿ ಒಂದೇ ಟಿಡಿಎಸ್‌ಗೆ (ಕಾಫಿಯಲ್ಲಿ ಕರಗಿರುವ ಸಾರದ ಪ್ರಮಾಣ), ಹೇಳುವುದಾದರೆ ಶೇ. 1.3ಕ್ಕೆ, ತಂದುಕೊಳ್ಳುತ್ತೀರಾ? ಗಟ್ಟಿ ಕಪ್‌ನ ಪಕ್ಕದಲ್ಲಿ ತೆಳು ಕಪ್ ಸಪ್ಪೆ ಅನ್ನಿಸಿಬಿಡುತ್ತದೆ, ಅದು ಕಾಫಿಯ ತಪ್ಪಲ್ಲ. ಉತ್ತರದಲ್ಲಿ ಗ್ರೈಂಡರ್‌ನ ಸೆಟ್ಟಿಂಗ್ ನಂಬರ್ ಬೇಡ, ಒಬ್ಬೊಬ್ಬರದು ಒಂದೊಂದು. ನೀರಿನ ಬಿಸಿ ಮತ್ತು ಒಟ್ಟು ಸಮಯ ಬರೆಯಿರಿ.